ಸಹನೆಗೂ ಶಸ್ತ್ರಚಿಕಿತ್ಸೆಗೂ ನಡುವೆ: ಮುಟ್ಟಿನ ನೋವಿನ ಒಂದು ಸಮೀಕ್ಷೆ

ಮುಟ್ಟಿನ ದಿನಗಳಲ್ಲಿ ಕೆಳಹೊಟ್ಟೆಯಲ್ಲಿ ಹುಟ್ಟಿ ಸೊಂಟಕ್ಕೂ ತೊಡೆಗಳಿಗೂ ಹರಡುವ ನೋವನ್ನು ಆಧುನಿಕ ವೈದ್ಯಶಾಸ್ತ್ರ ಡಿಸ್ಮೆನೋರಿಯಾ ಎಂದು ಕರೆಯುತ್ತದೆ. ಆಯುರ್ವೇದದ ಪರಿಭಾಷೆಯನ್ನು ಅನುಸರಿಸುವ ಕನ್ನಡ ಬರಹಗಳಲ್ಲಿ ಇದು ಕಷ್ಟಾರ್ತವ. ಇಷ್ಟು ವ್ಯಾಪಕವಾಗಿರುವ, ಕಾರಣ ಇಷ್ಟು ಸ್ಪಷ್ಟವಾಗಿ ತಿಳಿದಿರುವ, ಅಗ್ಗದ ಮದ್ದಿನಿಂದಲೇ ಬಹುಮಟ್ಟಿಗೆ ಹತೋಟಿಗೆ ಬರುವ, ಹಾಗಿದ್ದೂ ಇಷ್ಟೊಂದು ಉಪೇಕ್ಷೆಗೆ ಒಳಗಾಗಿರುವ ತೊಂದರೆಗಳು ವಿರಳ. ಎಷ್ಟು ಮಂದಿಗೆ ಈ ನೋವು ಬರುತ್ತದೆ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. 2014ರಲ್ಲಿ ಪ್ರಕಟವಾದ, ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ವಿಮರ್ಶೆಯಲ್ಲಿ ಈ ಪ್ರಮಾಣ ಶೇ 16ರಿಂದ ಶೇ 91ರವರೆಗೆ ಏರಿಳಿಯುತ್ತದೆ, ತೀವ್ರ ನೋವಿನ ಪ್ರಮಾಣ ಶೇ 2ರಿಂದ ಶೇ 29ರವರೆಗೆ. ಅಂಕಿಗಳ ಈ ಅಗಾಧ ಅಂತರ ಕೇವಲ ದೇಹಗಳ ನಡುವಿನ ವ್ಯತ್ಯಾಸದಿಂದ ಹುಟ್ಟಿದ್ದಲ್ಲ; ಪ್ರಶ್ನೆಯನ್ನು ಯಾರು, ಯಾವ ವಯಸ್ಸಿನವರಿಗೆ, ಯಾವ ರೀತಿಯಲ್ಲಿ ಕೇಳಿದರು ಎಂಬುದರ ಜೊತೆಗೆ, ಯಾವ ಪ್ರಮಾಣದ ನೋವನ್ನು ‘ನೋವು’ ಎಂದು ಹೇಳಿಕೊಳ್ಳಲು ಹೆಣ್ಣುಮಕ್ಕಳಿಗೆ ಅವರ ಸಮಾಜ ಅವಕಾಶ ಕೊಟ್ಟಿದೆ ಎಂಬುದೂ ಆ ಅಂತರದಲ್ಲಿ ಸೇರಿಕೊಂಡಿದೆ.

ಭಾರತದಲ್ಲಿ, ಕರ್ನಾಟಕದಲ್ಲಿ ಕೂಡ, ಈ ನೋವಿಗೆ ಸಿಗುವ ಪ್ರತಿಕ್ರಿಯೆ ಎರಡು ತುದಿಗಳಲ್ಲಿ ನಿಂತಿದೆ. ಹದಿಹರೆಯದ ಹುಡುಗಿಗೆ “ಎಲ್ಲರಿಗೂ ಆಗುವುದೇ, ಸಹಿಸಿಕೋ, ಮದುವೆಯಾಗಿ ಒಂದು ಮಗುವಾದರೆ ಸರಿಹೋಗುತ್ತದೆ” ಎಂಬ ಮಾತು ಸಿಕ್ಕಿದರೆ, ಅದೇ ಹುಡುಗಿ ಮೂವತ್ತೈದರ ಆಸುಪಾಸಿಗೆ ಬಂದು ಎರಡು ಮಕ್ಕಳ ತಾಯಿಯಾಗಿ ಮತ್ತೆ ನೋವು ಹೇಳಿಕೊಂಡಾಗ “ಇನ್ನು ಗರ್ಭಕೋಶ ಇಟ್ಟುಕೊಂಡು ಏನು ಮಾಡುವುದು, ತೆಗೆಸಿಬಿಡು” ಎಂಬ ಸಲಹೆ ಸಿಗುತ್ತದೆ. ಈ ಎರಡು ಮಾತುಗಳೂ ಒಂದೇ ಬೇರಿನಿಂದ ಬಂದವು: ಎರಡರಲ್ಲೂ ನೋವಿನ ಸ್ವರೂಪವನ್ನು ವಿಚಾರಿಸುವ ಕೆಲಸ ನಡೆದಿರುವುದಿಲ್ಲ. ಇವುಗಳ ನಡುವಿನ ವಿಶಾಲವಾದ ಚಿಕಿತ್ಸೆಯ ದಾರಿ ಬಹುಪಾಲು ಹೆಂಗಸರಿಗೆ ಕಾಣಿಸುವುದೇ ಇಲ್ಲ.

ಮುಟ್ಟಿನ ನೋವು ಹೊಸದಾಗಿ ಗುರುತಿಸಿದ ಕಾಯಿಲೆಯೇನಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಹೆಣ್ಣಿನ ಜನನಾಂಗದ ತೊಂದರೆಗಳನ್ನು ವಿವರಿಸುವಾಗ, ವಾತವು ಮೇಲ್ಮುಖವಾಗಿ ಚಲಿಸಿ ಸ್ರಾವ ಕಷ್ಟದಿಂದ ಹೊರಬರುವ, ಸ್ರಾವವಾದ ಕೂಡಲೇ ನೋವು ಇಳಿಯುವ ಒಂದು ಸ್ಥಿತಿಯನ್ನು ಉದಾವರ್ತಿನಿ ಎಂಬ ಹೆಸರಿನಲ್ಲಿ ಹೇಳಲಾಗಿದೆ; ಕಾರಣದ ವಿವರಣೆ ಅಂದಿನ ಶಾಸ್ತ್ರದ ಚೌಕಟ್ಟಿನದಾದರೂ ಲಕ್ಷಣದ ವೀಕ್ಷಣೆ ನಿಖರವಾಗಿದೆ. ಇದಕ್ಕೆ ಹೋಲಿಸಿದರೆ ಇಪ್ಪತ್ತನೆಯ ಶತಮಾನದ ಮೊದಲರ್ಧದ ಪಾಶ್ಚಾತ್ಯ ವೈದ್ಯಕೀಯ ಹಿಂದೆ ಬಿದ್ದಂತೆ ಕಾಣುತ್ತದೆ, ಏಕೆಂದರೆ ಆ ಕಾಲದ ಅನೇಕ ವೈದ್ಯರು ಈ ನೋವನ್ನು ಹೆಣ್ಣಿನ ಮನಸ್ಸಿನ ದೌರ್ಬಲ್ಯಕ್ಕೆ, ತನ್ನ ಹೆಣ್ತನವನ್ನು ಒಪ್ಪಿಕೊಳ್ಳಲಾರದ ಮನೋಭಾವಕ್ಕೆ ಕಟ್ಟಿಹಾಕಿದ್ದರು. ಈ ಆರೋಪದಿಂದ ಹೆಂಗಸರನ್ನು ಬಿಡಿಸಿದ್ದು ರಸಾಯನಶಾಸ್ತ್ರ. 1957ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನ ವಿಜ್ಞಾನಿ ವಿ. ಆರ್. ಪಿಕಲ್ಸ್ ಮುಟ್ಟಿನ ಸ್ರಾವದಲ್ಲಿ ಸ್ನಾಯುವನ್ನು ಸಂಕುಚಿಸುವ ಒಂದು ವಸ್ತುವಿದೆ ಎಂದು ತೋರಿಸಿದರು. ಅದು ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳ ಗುಂಪಿಗೆ ಸೇರಿದ್ದು ಎಂಬುದು 1960ರ ದಶಕದಲ್ಲಿ ಸ್ಪಷ್ಟವಾಯಿತು. ಆಸ್ಪಿರಿನ್‌ನಂಥ ನೋವುನಿವಾರಕಗಳು ದೇಹದಲ್ಲಿ ಇದೇ ವಸ್ತುವಿನ ತಯಾರಿಕೆಯನ್ನು ತಡೆಯುತ್ತವೆ ಎಂದು ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟಾಗ ಕಾರಣ ಮತ್ತು ಮದ್ದು ಎರಡೂ ಒಂದೆಡೆ ಕೂಡಿದವು. ಪ್ರೊಸ್ಟಾಗ್ಲಾಂಡಿನ್‌ಗಳ ಕುರಿತ ಸಂಶೋಧನೆಗಾಗಿ ವೇನ್ ಮತ್ತು ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳಾದ ಬರ್ಗ್‌ಸ್ಟ್ರೋಮ್, ಸ್ಯಾಮುಯೆಲ್ಸನ್ ಅವರಿಗೆ 1982ರ ನೊಬೆಲ್ ಪ್ರಶಸ್ತಿ ಸಂದಿತು. ಅಂದರೆ ಈ ನೋವು ಕಲ್ಪನೆಯದಲ್ಲ, ಅಳೆಯಬಹುದಾದ ರಾಸಾಯನಿಕ ಕ್ರಿಯೆ ಎಂಬುದು ವಿಜ್ಞಾನಕ್ಕೆ ತಿಳಿದು ಅರ್ಧ ಶತಮಾನ ಕಳೆದಿದೆ.

ಆ ಕ್ರಿಯೆ ನಡೆಯುವ ಬಗೆ ಹೀಗಿದೆ. ಅಂಡಾಣು ಬಿಡುಗಡೆಯಾದ ಮೇಲೆ ಗರ್ಭ ನಿಲ್ಲದೆ ಹೋದರೆ, ಗರ್ಭಕೋಶದ ಒಳಪದರವನ್ನು ಪೋಷಿಸುತ್ತಿದ್ದ ಪ್ರೊಜೆಸ್ಟರಾನ್ ಎಂಬ ಹಾರ್ಮೋನಿನ ಮಟ್ಟ ಕುಸಿಯುತ್ತದೆ; ಆಗ ಕಳಚಿಕೊಳ್ಳುವ ಒಳಪದರದ ಕೋಶಗಳಿಂದ ಕೊಬ್ಬಿನ ಆಮ್ಲಗಳು ಬಿಡುಗಡೆಯಾಗಿ, ಸೈಕ್ಲೋಆಕ್ಸಿಜನೇಸ್ ಎಂಬ ಕಿಣ್ವದ ನೆರವಿನಿಂದ ಪ್ರೊಸ್ಟಾಗ್ಲಾಂಡಿನ್‌ಗಳಾಗಿ ಮಾರ್ಪಡುತ್ತವೆ. ಇವು ಗರ್ಭಕೋಶದ ಸ್ನಾಯುವನ್ನು ಬಲವಾಗಿ, ಲಯತಪ್ಪಿ ಸಂಕುಚಿಸುವಂತೆ ಮಾಡುತ್ತವೆ, ರಕ್ತನಾಳಗಳನ್ನು ಬಿಗಿಗೊಳಿಸುತ್ತವೆ, ನರತುದಿಗಳನ್ನು ಹೆಚ್ಚು ಸೂಕ್ಷ್ಮಗೊಳಿಸುತ್ತವೆ. ತೀವ್ರ ನೋವಿರುವವರಲ್ಲಿ ಗರ್ಭಕೋಶದೊಳಗಿನ ಒತ್ತಡ ಸಂಕೋಚನದ ವೇಳೆ ಪಾದರಸದ 120 ಮಿಲಿಮೀಟರಿಗಿಂತಲೂ ಮೇಲೇರುವುದು ದಾಖಲಾಗಿದೆ. ಆರೋಗ್ಯವಂತರ ತೋಳಿನಲ್ಲಿ ಅಳೆಯುವ ರಕ್ತದೊತ್ತಡದ ಮೇಲಿನ ಅಂಕಿಗೆ ಸಮನಾದ ಈ ಒತ್ತಡದಲ್ಲಿ ಗರ್ಭಕೋಶದ ಸ್ನಾಯುವಿಗೆ ರಕ್ತವೇ ಸರಿಯಾಗಿ ಹರಿಯದು, ಆಮ್ಲಜನಕದ ಆ ಕೊರತೆಯೇ ನೋವಾಗಿ ಅನುಭವಕ್ಕೆ ಬರುತ್ತದೆ. ಅದೇ ರಾಸಾಯನಿಕಗಳು ರಕ್ತಕ್ಕೆ ಸೇರಿ ಕರುಳನ್ನೂ ಕೆರಳಿಸುವುದರಿಂದ ವಾಂತಿ, ಭೇದಿ, ತಲೆನೋವು, ಸುಸ್ತು ಜೊತೆಗೂಡುತ್ತವೆ. ಬೇರೆ ಯಾವ ರೋಗವೂ ಇಲ್ಲದೆ ಹೀಗೆ ಬರುವ ನೋವನ್ನು ಪ್ರಾಥಮಿಕ ಮುಟ್ಟಿನ ನೋವು ಎನ್ನುತ್ತಾರೆ. ಮೈನೆರೆದ ಕೂಡಲೇ ಇದು ಕಾಣಿಸಿಕೊಳ್ಳದೆ, ತಿಂಗಳು ತಿಂಗಳೂ ಅಂಡಾಣು ಬಿಡುಗಡೆಯಾಗುವ ಕ್ರಮ ನೆಲೆಗೊಂಡ ಮೇಲೆ, ಸಾಮಾನ್ಯವಾಗಿ ಆರು ತಿಂಗಳಿಂದ ಒಂದೆರಡು ವರ್ಷದೊಳಗೆ ಆರಂಭವಾಗುತ್ತದೆ. ಸ್ರಾವಕ್ಕೆ ಕೆಲವು ಗಂಟೆ ಮೊದಲು ಅಥವಾ ಸ್ರಾವದ ಜೊತೆಯಲ್ಲೇ ಶುರುವಾಗಿ ಎರಡು ಮೂರು ದಿನಗಳಲ್ಲಿ ಇಳಿಯುತ್ತದೆ. ಹೆರಿಗೆಯ ನಂತರ, ವಯಸ್ಸಾದಂತೆ ಹಲವರಲ್ಲಿ ಇದು ಕಡಿಮೆಯಾಗುವುದು ನಿಜ, ಆದರೆ ಎಲ್ಲರಲ್ಲೂ ಅಲ್ಲ. ಹದಿನೈದರ ಹುಡುಗಿಗೆ ಹತ್ತು ವರ್ಷದ ಮುಂದಿನ ಹೆರಿಗೆಯನ್ನು ಮದ್ದಾಗಿ ತೋರಿಸುವುದು ಯಾವ ಅರ್ಥದಲ್ಲೂ ಚಿಕಿತ್ಸೆಯಲ್ಲ.

ಕಾರಣ ಹೀಗಿರುವುದರಿಂದ ಪ್ರೊಸ್ಟಾಗ್ಲಾಂಡಿನ್ ತಯಾರಾಗುವುದನ್ನೇ ತಡೆಯುವ ಔಷಧಗಳು ಮೊದಲ ಸಾಲಿನಲ್ಲಿ ನಿಲ್ಲುತ್ತವೆ. ಐಬುಪ್ರೊಫೇನ್, ನ್ಯಾಪ್ರೊಕ್ಸೆನ್, ಮೆಫೆನಾಮಿಕ್ ಆಮ್ಲ ಈ ಗುಂಪಿನವು; ಸ್ಟಿರಾಯ್ಡ್ ಅಲ್ಲದ ಉರಿಯೂತ ನಿವಾರಕಗಳು ಎಂಬುದು ಇವುಗಳ ಸಾಮೂಹಿಕ ಹೆಸರು. ಜಗತ್ತಿನ ಚಿಕಿತ್ಸಾ ಪ್ರಯೋಗಗಳನ್ನು ಒರೆಗೆ ಹಚ್ಚುವ ಕೊಕ್ರೇನ್ ಸಂಸ್ಥೆ 2015ರಲ್ಲಿ 80 ಪ್ರಯೋಗಗಳನ್ನು, ಅವುಗಳಲ್ಲಿ ಭಾಗವಹಿಸಿದ 5,820 ಹೆಂಗಸರ ಅನುಭವವನ್ನು ಪರಿಶೀಲಿಸಿ, ಔಷಧವಿಲ್ಲದ ಹುಸಿ ಮಾತ್ರೆಯಿಂದ ಸುಮಾರು ಶೇ 18ರಷ್ಟು ಮಂದಿಗೆ ಒಳ್ಳೆಯ ಉಪಶಮನ ದೊರೆತರೆ ಈ ಮಾತ್ರೆಗಳಿಂದ ಶೇ 45ರಿಂದ ಶೇ 53ರಷ್ಟು ಮಂದಿಗೆ ದೊರೆಯುತ್ತದೆ ಎಂದು ಅಂದಾಜಿಸಿತು. ಪ್ಯಾರಸಿಟಮಾಲ್ ಇವುಗಳಷ್ಟು ಪರಿಣಾಮಕಾರಿಯಲ್ಲ. ಮಾತ್ರೆ ನುಂಗಿದರೂ ಪ್ರಯೋಜನವಾಗಲಿಲ್ಲ ಎನ್ನುವವರಲ್ಲಿ ಬಹಳಷ್ಟು ಮಂದಿ ಅದನ್ನು ತಡವಾಗಿ ತೆಗೆದುಕೊಂಡಿರುತ್ತಾರೆ. ಈಗಾಗಲೇ ತಯಾರಾಗಿ ಹರಡಿದ ಪ್ರೊಸ್ಟಾಗ್ಲಾಂಡಿನ್‌ಅನ್ನು ಮಾತ್ರೆ ನಾಶಮಾಡಲಾರದು, ಮುಂದಿನ ತಯಾರಿಕೆಯನ್ನಷ್ಟೇ ತಡೆಯಬಲ್ಲದು; ಆದ್ದರಿಂದ “ತೀರಾ ತಡೆಯಲಾರದಾಗ ಒಂದು” ಎಂಬ ಮಿತವ್ಯಯದ ಕ್ರಮಕ್ಕಿಂತ, ಸ್ರಾವದ ಅಥವಾ ನೋವಿನ ಮೊದಲ ಸುಳಿವು ಸಿಕ್ಕ ಕೂಡಲೇ ಆರಂಭಿಸಿ, ವೈದ್ಯರು ಹೇಳಿದ ಪ್ರಮಾಣದಲ್ಲಿ ಎರಡು ಮೂರು ದಿನ ನಿಯತವಾಗಿ, ಊಟವಾದ ಮೇಲೆ ತೆಗೆದುಕೊಳ್ಳುವ ಕ್ರಮ ಹೆಚ್ಚು ಫಲ ಕೊಡುತ್ತದೆ. ಮಾತ್ರೆ ಅಭ್ಯಾಸವಾಗಿಬಿಡುತ್ತದೆ, ಮುಂದೆ ಮಕ್ಕಳಾಗುವುದಿಲ್ಲ ಎಂಬ ಭಯ ಮನೆಮನೆಯಲ್ಲೂ ಇದೆ. ತಿಂಗಳಿಗೆ ಎರಡು ಮೂರು ದಿನದ ಈ ಬಳಕೆಯ ಮಟ್ಟಿಗೆ ಅದಕ್ಕೆ ಆಧಾರವಿಲ್ಲ. ಗರ್ಭಕ್ಕೆ ಪ್ರಯತ್ನಿಸುತ್ತಿರುವವರು ಮಾತ್ರ ವೈದ್ಯರಿಗೆ ಅದನ್ನು ತಿಳಿಸಿ ಮಾತ್ರೆ ಬಳಸಬೇಕು.

ಆಧಾರವಿರುವ ಎಚ್ಚರಿಕೆಗಳು ಬೇರೆ ಇವೆ. ಹೊಟ್ಟೆಹುಣ್ಣು, ಮೂತ್ರಪಿಂಡದ ಕಾಯಿಲೆ, ಆಸ್ಪಿರಿನ್ ಜಾತಿಯ ಮಾತ್ರೆಯಿಂದ ಕೆರಳುವ ಆಸ್ತಮಾ ಇರುವವರಿಗೆ ಈ ಔಷಧಗಳು ಸಲ್ಲವು. ಜ್ವರವಿದ್ದು ಡೆಂಗಿಯ ಶಂಕೆಯಿದ್ದರೆ ರಕ್ತಸ್ರಾವದ ಅಪಾಯವಿರುವುದರಿಂದ ಅವನ್ನು ಮುಟ್ಟಬಾರದು, ಕರ್ನಾಟಕದ ಮಳೆಗಾಲದಲ್ಲಿ ಇದು ನೆನಪಿಡಬೇಕಾದ ಸಂಗತಿ. ಭಾರತದ ಔಷಧದಂಗಡಿಗಳಲ್ಲಿ ಈ ನೋವಿಗೆ ಅತಿ ಹೆಚ್ಚು ಮಾರಾಟವಾಗುವ ಮಾತ್ರೆಗಳಲ್ಲಿ ಮೆಫೆನಾಮಿಕ್ ಆಮ್ಲದ ಜೊತೆಗೆ ಸೆಳೆತ ಸಡಿಲಿಸುವ ಡೈಸೈಕ್ಲೋಮಿನ್ ಸೇರಿರುತ್ತದೆ. ಬಾಯಿ ಒಣಗುವುದು, ಕಣ್ಣು ಮಂಜಾಗುವುದು ಆ ಎರಡನೆಯ ಅಂಶದ ಅಡ್ಡಪರಿಣಾಮ. ಮೆಫೆನಾಮಿಕ್ ಆಮ್ಲದಿಂದ ಅಪರೂಪಕ್ಕೆ ಡ್ರೆಸ್ ಎಂಬ ತೀವ್ರ ಅಲರ್ಜಿ, ಅಂದರೆ ಜ್ವರ, ಮೈಮೇಲೆ ದದ್ದು, ಗ್ರಂಥಿಗಳ ಊತದೊಂದಿಗೆ ಒಳ ಅಂಗಗಳಿಗೂ ಹರಡಬಲ್ಲ ಪ್ರತಿಕ್ರಿಯೆ ಉಂಟಾಗಬಹುದೆಂದು ಭಾರತೀಯ ಫಾರ್ಮಕೋಪಿಯಾ ಆಯೋಗ 2023ರ ನವೆಂಬರ್‌ನಲ್ಲಿ ಎಚ್ಚರಿಸಿದ್ದುಂಟು. ಆ ಸುದ್ದಿಯಿಂದ ಹೆದರಿ ಮಾತ್ರೆಯನ್ನೇ ಬಿಟ್ಟವರಿದ್ದಾರೆ. ಎಚ್ಚರಿಕೆಯ ಆಶಯ ಅದಾಗಿರಲಿಲ್ಲ. ಮಾತ್ರೆಯನ್ನು ಕೌಂಟರಿನಲ್ಲಿ ಕೇಳಿ ಕೊಳ್ಳುವ ಬದಲು ಒಮ್ಮೆಯಾದರೂ ವೈದ್ಯರ ಸಲಹೆ ಪಡೆಯಬೇಕು, ದದ್ದು ಕಂಡರೆ ಕೂಡಲೇ ನಿಲ್ಲಿಸಬೇಕು ಎಂಬುದಷ್ಟೇ ಅದರ ಸಾರ.

ಔಷಧವಲ್ಲದ ಉಪಾಯಗಳಲ್ಲಿ ಶಾಖಕ್ಕೆ ಮೊದಲ ಸ್ಥಾನ ಸಲ್ಲಬೇಕು. ಹೊಟ್ಟೆಗೆ ಹರಳೆಣ್ಣೆ ಸವರಿ ಬಿಸಿ ಬಟ್ಟೆಯ ಶಾಖ ಕೊಡುವುದು, ರಬ್ಬರಿನ ಬಿಸಿನೀರಿನ ಚೀಲ ಇಡುವುದು ನಮ್ಮ ಮನೆಗಳ ಹಳೆಯ ರೂಢಿ. 2001ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗದಲ್ಲಿ ಸುಮಾರು 39 ಡಿಗ್ರಿ ಸೆಲ್ಸಿಯಸ್ ಶಾಖವನ್ನು ದಿನಕ್ಕೆ 12 ಗಂಟೆ ಕಾಲ ಕೆಳಹೊಟ್ಟೆಗೆ ಕೊಡುವ ಪಟ್ಟಿಯು ಐಬುಪ್ರೊಫೇನ್ ಮಾತ್ರೆಯಷ್ಟೇ ಉಪಶಮನ ನೀಡಿತು, ಎರಡೂ ಸೇರಿದಾಗ ಪರಿಣಾಮ ಬೇಗ ಕಾಣಿಸಿತು. ಅಜ್ಜಿಯರ ಕ್ರಮಕ್ಕೆ ಪ್ರಯೋಗಾಲಯದ ಸಮರ್ಥನೆ ಇಷ್ಟು ನೇರವಾಗಿ ಸಿಕ್ಕ ಸಂದರ್ಭಗಳು ಕಡಿಮೆ. ವ್ಯಾಯಾಮದ ವಿಷಯದಲ್ಲಿ, ವಾರಕ್ಕೆ ಮೂರು ಬಾರಿ 45ರಿಂದ 60 ನಿಮಿಷ ಮೈ ದಂಡಿಸುವುದರಿಂದ, ಅದು ಬಿರುಸಿನ ನಡಿಗೆಯಾಗಲಿ ಯೋಗವಾಗಲಿ, ನೋವಿನ ತೀವ್ರತೆ ಗಣನೀಯವಾಗಿ ಇಳಿಯಬಹುದೆಂದು ಕೊಕ್ರೇನ್‌ನ 2019ರ ವಿಮರ್ಶೆ ಹೇಳುತ್ತದೆ, ಆದರೆ ಅದಕ್ಕೆ ಆಧಾರವಾದ ಪ್ರಯೋಗಗಳ ಗುಣಮಟ್ಟ ಉನ್ನತವಾದದ್ದಲ್ಲ ಎಂಬುದನ್ನೂ ಸೇರಿಸುತ್ತದೆ. ಶುಂಠಿಗೆ ಸ್ವಲ್ಪಮಟ್ಟಿನ ಪುರಾವೆಯಿದೆ. ಜೀರಿಗೆ, ಓಮ, ಮೆಂತ್ಯದ ಕಷಾಯಗಳ ಪರವಾಗಿ ದೃಢವಾದ ಪುರಾವೆ ಇಲ್ಲದಿದ್ದರೂ ಅಡುಗೆಯ ಪ್ರಮಾಣದಲ್ಲಿ ಅವು ಹಾನಿಯನ್ನೇನೂ ಮಾಡವು. ಚರ್ಮದ ಮೇಲೆ ಅಂಟಿಸಿ ಮೃದುವಾದ ವಿದ್ಯುತ್ ಕಂಪನ ಕೊಡುವ ಟೆನ್ಸ್ ಎಂಬ ಸಣ್ಣ ಯಂತ್ರವೂ ಕೆಲವರಿಗೆ ನೆರವಾಗುತ್ತದೆ. ಮುಟ್ಟಿನಲ್ಲಿ ಮೊಸರು, ಹುಳಿ ಬಿಡಬೇಕು, ತಲೆಗೆ ನೀರು ಹಾಕಿಕೊಳ್ಳಬಾರದು ಎಂಬ ನಿಷೇಧಗಳಿಗೆ ಯಾವ ಆಧಾರವೂ ಇಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರ ಪೈಕಿ ಶೇ 47.8ರಷ್ಟು ಮಂದಿ ರಕ್ತಹೀನತೆಯವರೆಂದು ಕಂಡುಬಂದಿರುವಾಗ, ತಿಂಗಳಿಗೆ ಐದು ದಿನ ತಟ್ಟೆಯಿಂದ ಒಂದೊಂದೇ ಪದಾರ್ಥ ಕಡಿತ ಮಾಡುವ ಪದ್ಧತಿ ಹಾನಿಕರವೇ ಸರಿ.

ಮಾತ್ರೆ, ಶಾಖಗಳಿಂದ ಹತೋಟಿಗೆ ಬಾರದ ನೋವಿಗೆ ಹಾರ್ಮೋನ್ ಚಿಕಿತ್ಸೆ ಎರಡನೆಯ ಮೆಟ್ಟಿಲು. ಗರ್ಭನಿರೋಧಕ ಮಾತ್ರೆಗಳು ಅಂಡಾಣು ಬಿಡುಗಡೆಯನ್ನು ತಡೆದು ಗರ್ಭಕೋಶದ ಒಳಪದರವನ್ನು ತೆಳುವಾಗಿಸುವುದರಿಂದ ಪ್ರೊಸ್ಟಾಗ್ಲಾಂಡಿನ್ ಉತ್ಪತ್ತಿಯೇ ಕಡಿಮೆಯಾಗುತ್ತದೆ, ಸ್ರಾವವೂ ತಗ್ಗುತ್ತದೆ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಸಿಗುವ ಮಾಲಾ-ಎನ್ ಕೂಡ ಈ ವರ್ಗದ್ದೇ. ಆದರೆ ಅವಿವಾಹಿತ ಹುಡುಗಿಗೆ ಈ ಮಾತ್ರೆಯನ್ನು ಸೂಚಿಸಿದ ಕೂಡಲೇ ಮನೆಯವರ ಮುಖ ಬಾಡುತ್ತದೆ, ಕೆಲವು ವೈದ್ಯರೂ ಹಿಂಜರಿಯುತ್ತಾರೆ. ಮದ್ದಿಗೆ ಗರ್ಭನಿರೋಧಕ ಎಂಬ ಹಣೆಪಟ್ಟಿ ಇರುವುದರಿಂದ ನೋವಿನಲ್ಲಿರುವವಳಿಗೆ ಅದನ್ನು ನಿರಾಕರಿಸುವುದು ನ್ಯಾಯವಲ್ಲ. ಕಣ್ಣೆದುರು ಬೆಳಕಿನ ಗೆರೆಗಳು ಮೂಡುವ ಮೈಗ್ರೇನ್, ರಕ್ತ ಹೆಪ್ಪುಗಟ್ಟಿದ ಹಿಂದಿನ ಇತಿಹಾಸ, ಹೆಚ್ಚಿನ ರಕ್ತದೊತ್ತಡ ಇರುವವರಿಗೆ ಇದು ಸಲ್ಲದಿರುವುದರಿಂದ ವೈದ್ಯರ ತಪಾಸಣೆ ಅಗತ್ಯ. ಪ್ರೊಜೆಸ್ಟರಾನ್ ಜಾತಿಯ ಹಾರ್ಮೋನನ್ನು ನಿಧಾನವಾಗಿ ಬಿಡುವ, ಗರ್ಭಕೋಶದೊಳಗೆ ಇರಿಸುವ ಸಾಧನ ಹೆಚ್ಚು ಸ್ರಾವ ಮತ್ತು ನೋವು ಎರಡೂ ಇರುವವರಿಗೆ ಹೊಂದುತ್ತದೆ. ಇದನ್ನು ಕಾಪರ್-ಟಿಯೊಂದಿಗೆ ಬೆರೆಸಿಕೊಳ್ಳಬಾರದು, ಏಕೆಂದರೆ ಕಾಪರ್-ಟಿ ಮುಟ್ಟಿನ ನೋವನ್ನೂ ಸ್ರಾವವನ್ನೂ ಹೆಚ್ಚಿಸಬಹುದು.

ಇಷ್ಟಾಗಿಯೂ ನೋವು ಮಣಿಯದಿದ್ದರೆ, ಅದರ ಹಿಂದೆ ಬೇರೊಂದು ರೋಗವಿರುವ ಸಾಧ್ಯತೆ ಏಳುತ್ತದೆ; ಹೀಗೆ ಬರುವುದು ದ್ವಿತೀಯಕ ಮುಟ್ಟಿನ ನೋವು. ಗರ್ಭಕೋಶದ ಗೋಡೆಯೊಳಗೆ ಒಳಪದರ ನುಗ್ಗುವ ಅಡಿನೋಮಯೋಸಿಸ್, ಫೈಬ್ರಾಯ್ಡ್ ಎಂಬ ಗಡ್ಡೆಗಳು, ಸೋಂಕಿನಿಂದ ಬರುವ ಕಿಬ್ಬೊಟ್ಟೆಯ ಉರಿಯೂತ, ಭಾರತದಲ್ಲಿ ಮರೆಯಬಾರದ ಜನನಾಂಗದ ಕ್ಷಯ ಇವೆಲ್ಲ ಆ ಪಟ್ಟಿಯಲ್ಲಿವೆ. ಇವುಗಳಲ್ಲಿ ಅತಿ ಹೆಚ್ಚು ಯಾತನೆ ಕೊಟ್ಟೂ ಅತಿ ತಡವಾಗಿ ಪತ್ತೆಯಾಗುವುದು ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಅಂಡಾಶಯದ ಮೇಲೆ, ಕರುಳಿನ ಹೊರಮೈಯಲ್ಲಿ, ಕಿಬ್ಬೊಟ್ಟೆಯ ಪದರದಲ್ಲಿ ನೆಲೆಯೂರಿ, ಅಲ್ಲಿ ಉರಿಯೂತವನ್ನೂ ಅಂಟುಗಳನ್ನೂ ಉಂಟುಮಾಡುವ ಈ ರೋಗ ಸಂತಾನಪ್ರಾಪ್ತಿ ವಯಸ್ಸಿನ ಸುಮಾರು ಶೇ 10ರಷ್ಟು ಹೆಂಗಸರಲ್ಲಿ, ಜಗತ್ತಿನಾದ್ಯಂತ 19 ಕೋಟಿ ಮಂದಿಯಲ್ಲಿ ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಮುಟ್ಟಿನ ರಕ್ತ ಹಿಮ್ಮುಖವಾಗಿ ಗರ್ಭನಾಳಗಳ ಮೂಲಕ ಕಿಬ್ಬೊಟ್ಟೆಗೆ ಹರಿಯುವುದರಿಂದ ಇದು ಹುಟ್ಟುತ್ತದೆಂಬ ವಾದವನ್ನು ಅಮೆರಿಕದ ಜಾನ್ ಸ್ಯಾಂಪ್ಸನ್ 1920ರ ದಶಕದಲ್ಲಿ ಮಂಡಿಸಿದರು. ಆದರೆ ಹಾಗೆ ಹರಿಯುವ ಬಹುಪಾಲು ಮಂದಿಗೆ ರೋಗ ಬಾರದಿರುವುದರಿಂದ ಕಾರಣದ ಶೋಧ ಇನ್ನೂ ಮುಗಿದಿಲ್ಲ. ಲಕ್ಷಣ ಆರಂಭವಾದಾಗಿನಿಂದ ರೋಗ ಗುರುತಿಸುವವರೆಗೆ ಹಲವು ದೇಶಗಳಲ್ಲಿ ನಾಲ್ಕರಿಂದ ಹನ್ನೆರಡು ವರ್ಷ ಹಿಡಿಯುತ್ತದೆ. ಆ ವಿಳಂಬದ ಮೊದಲ ಪಾಲು ಮನೆಯದು, ಎರಡನೆಯ ಪಾಲು ದವಾಖಾನೆಯದು. ಎರಡೂ ಕಡೆ ಹುಡುಗಿ ಕೇಳುವುದು ಒಂದೇ ಮಾತು, ಇದು ಮಾಮೂಲು ಎಂದು.

ಮಾಮೂಲಲ್ಲದ ನೋವನ್ನು ಗುರುತಿಸುವುದು ಕಷ್ಟವೇನಲ್ಲ. ವರ್ಷಗಳ ಕಾಲ ನೋವಿಲ್ಲದೆ ಆಗುತ್ತಿದ್ದ ಮುಟ್ಟು ಹಠಾತ್ತಾಗಿ ನೋವಿನದಾದರೆ, ತಿಂಗಳಿಂದ ತಿಂಗಳಿಗೆ ನೋವು ಏರುತ್ತಿದ್ದರೆ, ಸ್ರಾವ ನಿಂತ ಮೇಲೂ ಉಳಿದರೆ, ಮಲವಿಸರ್ಜನೆಯಲ್ಲೋ ದಾಂಪತ್ಯದ ಕೂಟದಲ್ಲೋ ನೋವು ಕಾಣಿಸಿಕೊಂಡರೆ, ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ಸ್ರಾವವಿದ್ದರೆ, ಜ್ವರವೋ ದುರ್ವಾಸನೆಯ ಬಿಳಿಸೆರಗೋ ಜೊತೆಗಿದ್ದರೆ ಸ್ತ್ರೀರೋಗ ತಜ್ಞರನ್ನು ಕಾಣಲೇಬೇಕು. ಮುಟ್ಟು ತಪ್ಪಿ, ಆಮೇಲೆ ಹೊಟ್ಟೆಯ ಒಂದು ಬದಿಯಲ್ಲಿ ತೀವ್ರ ನೋವು ಬಂದರೆ ಅದು ಗರ್ಭಕೋಶದ ಹೊರಗೆ ಬಸಿರು ನಿಂತ ಲಕ್ಷಣವಾಗಿರಬಹುದಾದ್ದರಿಂದ ಒಂದು ಗಂಟೆಯೂ ತಡಮಾಡುವಂತಿಲ್ಲ. ಮದುವೆಯಾಗದ ಹುಡುಗಿಯನ್ನು ಒಳಪರೀಕ್ಷೆಗೆ ಒಡ್ಡಬೇಕಾಗುತ್ತದೆಂಬ ಅಳುಕು ಅನೇಕ ತಾಯಂದಿರನ್ನು ತಡೆಯುತ್ತದೆ. ಪ್ರಾಥಮಿಕ ನೋವಿನ ಲಕ್ಷಣ ಸ್ಪಷ್ಟವಾಗಿದ್ದಾಗ ಒಳಪರೀಕ್ಷೆ ಅಗತ್ಯವಿಲ್ಲ, ಶಂಕೆಯಿದ್ದರೂ ನೀರು ಕುಡಿಸಿ ಹೊಟ್ಟೆಯ ಮೇಲಿಂದಲೇ ಮಾಡುವ ಅಲ್ಟ್ರಾಸೌಂಡ್‌ನಿಂದ ಆರಂಭಿಸಬಹುದು. ಅಲ್ಟ್ರಾಸೌಂಡ್‌ನಲ್ಲಿ ಏನೂ ಕಾಣದಿದ್ದರೆ ಎಂಡೊಮೆಟ್ರಿಯೋಸಿಸ್ ಇಲ್ಲವೆಂದು ತೀರ್ಮಾನಿಸುವಂತಿಲ್ಲ ಎಂಬುದು ಮಾತ್ರ ಗಮನದಲ್ಲಿರಬೇಕು. ಯೂರೋಪಿನ ತಜ್ಞರ 2022ರ ಮಾರ್ಗಸೂಚಿ, ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ನೋಡುವ ಲ್ಯಾಪರೊಸ್ಕೋಪಿಗೆ ಕಾಯದೆ, ಲಕ್ಷಣಗಳ ಆಧಾರದ ಮೇಲೆಯೇ ಹಾರ್ಮೋನ್ ಚಿಕಿತ್ಸೆ ಆರಂಭಿಸಲು ಅವಕಾಶ ನೀಡಿದೆ.

ಇಷ್ಟೆಲ್ಲ ಮೆಟ್ಟಿಲುಗಳಿರುವಾಗ ಮೊದಲ ಮೆಟ್ಟಿಲಿನಿಂದ ನೇರವಾಗಿ ಕೊನೆಯದಕ್ಕೆ ಹಾರಿಸುವ ಪ್ರವೃತ್ತಿಯೇ ಇಲ್ಲಿನ ದುರಂತ. ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ ಕೆಲವು ಸ್ಥಿತಿಗಳಲ್ಲಿ ಅನಿವಾರ್ಯ, ಕೆಲವರಿಗೆ ಬಿಡುಗಡೆಯೂ ಹೌದು. ಆದರೆ ಮೇಲೆ ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 3ರಷ್ಟು ಮಂದಿ ಗರ್ಭಕೋಶ ಕಳೆದುಕೊಂಡಿದ್ದಾರೆ, ಹಲವರು ನಲವತ್ತು ದಾಟುವ ಮೊದಲೇ. ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳ ಹೆಂಗಸರಿಗೆ ಹೊಟ್ಟೆನೋವು, ಬಿಳಿಸೆರಗಿನಂಥ ದೂರುಗಳಿಗೂ ಈ ಶಸ್ತ್ರಚಿಕಿತ್ಸೆ ಮಾಡಲಾಯಿತೆಂಬ ಆರೋಪ ಕಳೆದ ದಶಕದಲ್ಲಿ ಆರೋಗ್ಯ ಹೋರಾಟಗಾರರ ಮೂಲಕ ಹೊರಬಂದು ತನಿಖೆಗೆ ಕಾರಣವಾಯಿತು. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರಲ್ಲಿ ಅನೇಕರು ಗರ್ಭಕೋಶ ತೆಗೆಸಿಕೊಂಡಿದ್ದ ವಿಷಯ 2019ರಲ್ಲಿ ದೇಶದ ಗಮನ ಸೆಳೆದಾಗ ಇನ್ನೊಂದು ಕಟು ಸತ್ಯ ಬೆಳಕಿಗೆ ಬಂತು: ಕೆಲಸಕ್ಕೆ ಒಂದು ದಿನ ತಪ್ಪಿದರೆ ದಂಡ ತೆರಬೇಕಾದ ಕಡೆ, ಮುಟ್ಟಿನ ನೋವೆಂಬುದು ಕೂಲಿಯ ನಷ್ಟವಾಗಿ, ಗರ್ಭಕೋಶವೇ ದುಡಿಮೆಗೆ ಅಡ್ಡಿಯಾಗಿ ಕಾಣತೊಡಗುತ್ತದೆ. ಎಳೆಯ ವಯಸ್ಸಿನಲ್ಲಿ ಗರ್ಭಕೋಶದ ಜೊತೆಗೆ ಅಂಡಾಶಯವನ್ನೂ ತೆಗೆದರೆ ಮೂಳೆ ಸವೆತ, ಹೃದ್ರೋಗದ ಅಪಾಯ ಬೇಗ ಬರುತ್ತವೆ. ಎಂಡೊಮೆಟ್ರಿಯೋಸಿಸ್ ಗರ್ಭಕೋಶದ ಹೊರಗೂ ಇರುವುದರಿಂದ ಎಷ್ಟೋ ವೇಳೆ ನೋವು ಹೋಗುವುದೂ ಇಲ್ಲ. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರುವಂತೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ನಿರ್ದೇಶನ ನೀಡಿತು.

ಬೀಡ್‌ನ ಉದಾಹರಣೆ ಬಿಡುವಿನ ಪ್ರಶ್ನೆಯನ್ನೂ ಮುಂದೆ ತರುತ್ತದೆ. ಜಪಾನ್ 1947ರಲ್ಲೇ ಕಾರ್ಮಿಕ ಕಾಯ್ದೆಯಲ್ಲಿ ಮುಟ್ಟಿನ ರಜೆಗೆ ಅವಕಾಶ ಕಲ್ಪಿಸಿತು. ಬಿಹಾರ 1992ರಿಂದ ತನ್ನ ನೌಕರಿಯಲ್ಲಿರುವ ಹೆಂಗಸರಿಗೆ ತಿಂಗಳಿಗೆ ಎರಡು ದಿನ ಕೊಡುತ್ತಿದೆ. ಕರ್ನಾಟಕದ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿ, ನವೆಂಬರ್‌ನಲ್ಲಿ ಆದೇಶವಾದ ನೀತಿಯಂತೆ ನೋಂದಾಯಿತ ಕಾರ್ಖಾನೆ, ಅಂಗಡಿ, ಕಚೇರಿ, ತೋಟಗಳಲ್ಲಿ ದುಡಿಯುವ 18ರಿಂದ 52 ವರ್ಷದ ಹೆಂಗಸರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ವೇತನಸಹಿತ ರಜೆ ಸಿಗಬೇಕು, ಅದಕ್ಕೆ ವೈದ್ಯಕೀಯ ಪ್ರಮಾಣಪತ್ರ ಬೇಕಿಲ್ಲ. ಖಾಸಗಿ ಕ್ಷೇತ್ರವನ್ನೂ ಒಳಗೊಂಡ ಈ ಹೆಜ್ಜೆ ದೊಡ್ಡದು. ಹೋಟೆಲ್ ಮಾಲೀಕರ ಸಂಘ ಹೈಕೋರ್ಟಿನಲ್ಲಿ ಇದನ್ನು ಪ್ರಶ್ನಿಸಿದೆ. ಇಂಥ ರಜೆಯಿಂದ ಮಾಲೀಕರು ಹೆಂಗಸರನ್ನು ಕೆಲಸಕ್ಕೇ ತೆಗೆದುಕೊಳ್ಳಲಾರರು ಎಂಬ ಆತಂಕವನ್ನು ತಳ್ಳಿಹಾಕುವಂತಿಲ್ಲವಾದರೂ, ಹೆರಿಗೆ ರಜೆಗೂ ಇದೇ ಆತಂಕ ಅನ್ವಯಿಸುತ್ತದೆ, ಅದಕ್ಕಾಗಿ ಯಾರೂ ಹೆರಿಗೆ ರಜೆಯನ್ನು ಬಿಟ್ಟುಕೊಡಲಿಲ್ಲ. ನಿಜವಾದ ಕೊರತೆ ಬೇರೆಡೆ ಇದೆ. ಹೊಲದ ಕೂಲಿಯವರು, ಮನೆಗೆಲಸದವರು ಈ ಆದೇಶದ ನೆರಳಿಗೆ ಬರುವುದಿಲ್ಲ, ಮತ್ತು ರಜೆ ಚಿಕಿತ್ಸೆಯ ಸ್ಥಾನವನ್ನು ತುಂಬಲಾರದು. ಗಂಟೆಗಿಷ್ಟು ಪೀಸ್ ಎಂದು ಟಾರ್ಗೆಟ್ ಇರುವ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ತಿಂಗಳಿಗೊಂದು ದಿನದ ರಜೆಯಷ್ಟೇ ಮುಖ್ಯವಾದದ್ದು, ಉಳಿದ ದಿನಗಳಲ್ಲಿ ಕೇಳದೆಯೇ ಶೌಚಾಲಯಕ್ಕೆ ಹೋಗುವ ಸ್ವಾತಂತ್ರ್ಯ, ಒರಗಲೊಂದು ಕೋಣೆ ಮತ್ತು ಸಕಾಲಕ್ಕೆ ಸಿಗುವ ಮಾತ್ರೆ.

ಬಿಡುವಿಗೂ ಬಹಿಷ್ಕಾರಕ್ಕೂ ಇರುವ ಅಂತರವನ್ನು ಇಲ್ಲಿ ಮಸುಕುಗೊಳಿಸಬಾರದು. ಮುಟ್ಟಾದವರನ್ನು ಹೊರಗೆ ಕೂರಿಸುವ ಪದ್ಧತಿ ಹೆಂಗಸಿಗೆ ವಿಶ್ರಾಂತಿ ಕೊಡಲೆಂದೇ ಹುಟ್ಟಿತು ಎಂಬ ಸಮರ್ಥನೆ ಆಗಾಗ ಕೇಳಿಬರುತ್ತದೆ. ಮಧ್ಯ ಕರ್ನಾಟಕದ ಗೊಲ್ಲರಹಟ್ಟಿಗಳಲ್ಲಿ ಊರಾಚೆಯ ಗುಡಿಸಲಿನಲ್ಲಿ ಮಳೆ, ಚಳಿ, ಹಾವುಗಳ ಭಯದಲ್ಲಿ ರಾತ್ರಿ ಕಳೆಯುವುದು ವಿಶ್ರಾಂತಿಯಲ್ಲ, ನೋವು ತಡೆಯಲಾರದೆ ನರಳುವವಳ ಬಳಿ ಬಿಸಿನೀರಿನ ಚೀಲ ತರುವವರೂ ಅಲ್ಲಿ ಇರುವುದಿಲ್ಲ. ಮುಟ್ಟಾದ ಅಥವಾ ಬಸುರಿ ಹೆಂಗಸರನ್ನು ಹೀಗೆ ಬೇರ್ಪಡಿಸುವುದನ್ನು ರಾಜ್ಯದ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯ್ದೆ, 2017 ಅಪರಾಧವೆಂದು ಪರಿಗಣಿಸುತ್ತದೆ.

ಸರ್ಕಾರಿ ಶಾಲೆಯ ಹುಡುಗಿಯರಿಗೆ ಉಚಿತ ಪ್ಯಾಡ್ ಕೊಡುವ ಶುಚಿ ಯೋಜನೆ ಮುಟ್ಟಿನ ಮಾತನ್ನು ತರಗತಿಯೊಳಗೆ ತಂದಿದೆ, ಅದು ಸಣ್ಣ ಸಾಧನೆಯಲ್ಲ. ಆದರೆ ಅಲ್ಲಿನ ಗಮನ ಸ್ವಚ್ಛತೆಯ ಮೇಲಿದೆ. ನೋವು ಎಷ್ಟಿದೆ, ತಿಂಗಳಿಗೆ ಎಷ್ಟು ದಿನ ಪಾಠ ತಪ್ಪುತ್ತಿದೆ ಎಂದು ಕೇಳುವವರು ಬೇಕಾಗಿದ್ದಾರೆ. ಹದಿಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಸ್ನೇಹ ಕ್ಲಿನಿಕ್‌ಗಳಿಗೂ ಊರಿನ ಆಶಾ ಕಾರ್ಯಕರ್ತೆಯರಿಗೂ ಈ ಪ್ರಶ್ನೆ ಕೇಳುವ ತರಬೇತಿ ಕೊಡುವುದಕ್ಕೆ ಹೊಸ ಕಾನೂನಾಗಲಿ ಹೆಚ್ಚಿನ ಹಣವಾಗಲಿ ಬೇಕಿಲ್ಲ. ಮನೆಯಲ್ಲಿ ಆಗಬೇಕಾದದ್ದು ಇನ್ನೂ ಸರಳ: ಹುಡುಗಿ ಪ್ರತಿ ತಿಂಗಳೂ ಮುಟ್ಟಾದ ದಿನ, ನೋವಿನ ತೀವ್ರತೆ, ತೆಗೆದುಕೊಂಡ ಮಾತ್ರೆಯನ್ನು ಕ್ಯಾಲೆಂಡರಿನ ಮೇಲೆ ಗುರುತುಮಾಡಿಕೊಳ್ಳಲಿ. ಸಕಾಲಕ್ಕೆ, ಸರಿಯಾದ ಪ್ರಮಾಣದಲ್ಲಿ ಮಾತ್ರೆ ತೆಗೆದುಕೊಂಡರೂ ಮೂರು ತಿಂಗಳು ಸತತವಾಗಿ ನೋವು ಇಳಿಯದಿದ್ದರೆ, ಆ ಕ್ಯಾಲೆಂಡರಿನ ಸಮೇತ ಅವಳನ್ನು ಸ್ತ್ರೀರೋಗ ತಜ್ಞರ ಬಳಿಗೆ ಕರೆದೊಯ್ಯಬೇಕು, ಮದುವೆಯವರೆಗೆ ಕಾಯಬಾರದು.